ಓದುವುದು ಮತ್ತು ಒಪ್ಪಿಸುವುದು: ವಿದ್ಯಾರ್ಥಿಗಳ ಅಧ್ಯಯನಕ್ರಮವನ್ನು ಕುರಿತು

ವಿದ್ಯಾರ್ಥಿಯು ಏನನ್ನು ಓದಬೇಕೆಂಬ ವಿಷಯವನ್ನು ನಮ್ಮ ಅಧ್ಯಯನ ಮಂಡಲಿಗಳು ಮತ್ತೆ ಮತ್ತೆ ಚರ್ಚಿಸುತ್ತವೆ; ಅದನ್ನು ಅವನು ಹೇಗೆ ಓದಬೇಕೆಂಬುದನ್ನು ಚರ್ಚಿಸುವ ಪ್ರಸಂಗ ಬಹು ವಿರಳ. ಅಕ್ಷರ ಬಲ್ಲವನಿಗೆ ಓದುವುದು ತಾನಾಗಿಯೇ ಬರುವ ಕಾರ್ಯವೆಂದೂ, ಬಾರದಿದ್ದಲ್ಲಿ ಅದು ಅವನ ಸೋಮಾರಿತನದ ಫಲವೆಂದೂ ಅಧ್ಯಾಪಕರಾದ ನಾವು ಭಾವಿಸಿಕೊಂಡಿರುವೆವು. ಈ ಭಾವನೆ ಎಷ್ಟರಮಟ್ಟಿಗೆ ಸರಿಯೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಲೇಖಕನು ಮನಶ್ಶಾಸ್ತ್ರಜ್ಞನಲ್ಲ, ಇತಿಹಾಸದ ಅಧ್ಯಾಪಕ. ಆದುದರಿಂದ ಹಳೆಯ ದಾಖಲೆಗಳ ಬಾಗಿಲಿನಿಂದ ವಿಷಯವನ್ನು ಪ್ರವೇಶಿಸಿ, ಪ್ರಯೋಗಶಾಲೆಯವರು ಹೇಳುವ ಮಾತನ್ನು ಅನಂತರ ಕೇಳುವುದು ಅವನಿಗೆ ಸಹಜವಾದ ಮಾರ್ಗವೆಂದು ವಾಚಕರು ಮನ್ನಿಸಬೇಕು.

ನಾನು ವಾಸವಾಗಿರುವ ಬಿಳೇಕಹಳ್ಳಿಯು ಒಂದು ಕಾಲಕ್ಕೆ ಬೆಂಗಳೂರಿಗೆ ದಕ್ಷಿಣದಲ್ಲಿದ್ದ ಹಳ್ಳಿ. ಈಗ ಬನ್ನೇರುಘಟ್ಟ ರಸ್ತೆಯ ಮಗ್ಗುಲಿನಲ್ಲಿ ನಗರದೊಳಗೆ ಸೇರಿಹೋಗಿರುವ ಬಡಾವಣೆ. ೧೯೭೩ರಲ್ಲಿ ಸ್ಥಾಪಿತವಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್‌ನ ಆವರಣ, ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯವರು ಕಲ್ಲಿನ ಗೋಡೆಗಳಿಂದಲೂ ಉದ್ದನೆಯ ಮೊಗಸಾಲೆಗಳಿಂದಲೂ ರೂಪಿಸಿದ್ದು, ಇಲ್ಲಿಯೇ ಇದೆ. ಅಂಥ ಸಂಸ್ಥೆಗಳಲ್ಲಿ ರೂಢಿಯಲ್ಲಿರುವ ಪಾಠಕ್ರಮವು ಪ್ರಸಂಗಾಧ್ಯಯನ. ಯಾವುದೋ ಒಂದು ಉದ್ಯಮದ ವೃತ್ತಾಂತವನ್ನು ವಿದ್ಯಾರ್ಥಿಯು ಮುಂಚಿತವಾಗಿ ಓದಿಕೊಂಡು ಬರುತ್ತಾನೆ. ತರಗತಿಯಲ್ಲಿ ಅಧ್ಯಾಪಕನು ವಿವರಿಸುವುದು ಕಡಿಮೆ, ಕೇಳುವುದು ಹೆಚ್ಚು. ಯಾರ ಸರದಿ ಯಾವಾಗ ಬರುವುದೋ ಹೇಳಲಾಗದು. ಗೋಡೆಯ ಈಚೆಗೆ, ಬಸ್ಸಿನ ತಂಗುದಾಣದಲ್ಲಿ ನಿಂತು ಗೈಡನ್ನು ತಿರುವಿಹಾಕುತ್ತಿರುವ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳ ಪಾಠಕ್ರಮ ಬೇರೆ. ಅಲ್ಲಿ ಅಧ್ಯಾಪಕನು ಹೇಳುತ್ತಾನೆ, ವಿದ್ಯಾರ್ಥಿಯು ಬರೆದುಕೊಳ್ಳುತ್ತಾನೆ. ಈಚೆಗೆ ಬರೆದುಕೊಳ್ಳುವುದೂ ತಪ್ಪಿ, ಕರಿಹಲಗೆಯ ಮೇಲಿನದನ್ನು ಮೊಬೈಲಿನಲ್ಲಿ ಚಿತ್ರ ಹಿಡಿದುಕೊಂಡು ಎದ್ದು ಹೋಗುತ್ತಾನೆ. ಸೆಮಿಸ್ಟರಿನ ಕೊನೆಯವರೆಗೂ ಅವನನ್ನು ಯಾರೂ ಏನನ್ನೂ ಕೇಳುವುದಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಹಳ್ಳಿಯಿಂದ ಬಂದ ಹುಡುಗನೊಬ್ಬನಿದ್ದನು. ಸಂಜೆಯಿಂದ ನಡುರಾತ್ರಿಯವರೆಗೆ ಮನೆಮನೆಗೆ ಊಟದ ಪೊಟ್ಟಣಗಳನ್ನು ತಲುಪಿಸುವ ಕೆಲಸ, ಬೆಳಗ್ಗೆ ಕಾಲೇಜು. ಪರೀಕ್ಷೆಯ ಫಲಿತಾಂಶ ಬಂದ ದಿನ ಅವನು ತನ್ನ ಟಿಪ್ಪಣಿ ಪುಸ್ತಕವನ್ನು ನನ್ನ ಮೇಜಿನ ಮೇಲೆ ತೆರೆದಿಟ್ಟನು. ಪುಟಪುಟದಲ್ಲಿಯೂ ಮೂರು ಬಣ್ಣದ ಗೆರೆಗಳು. "ಆರು ಸಲ ಓದಿದೀನಿ ಸಾರ್. ಓದುವಾಗ ಎಲ್ಲಾ ಗೊತ್ತಿತ್ತು. ಬರೆಯೋಕೆ ಕೂತಾಗ ಒಂದೂ ಬರಲಿಲ್ಲ" ಎಂದನು. ಇನ್ನೂ ಮನಸ್ಸಿಟ್ಟು ಓದಬೇಕೆಂದು ನಾನು ಉತ್ತರಕೊಟ್ಟೆ. ಮುಂದಿನ ಸೆಮಿಸ್ಟರಿಗೆ ಅವನು ಬರಲಿಲ್ಲ. ಅವನು ಹೇಳಿದುದು ಒಂದು ಖಚಿತವಾದ ಲಕ್ಷಣವನ್ನು; ನಾನು ಕೊಟ್ಟುದು ಆ ಲಕ್ಷಣಕ್ಕೆ ಸಂಬಂಧವಿಲ್ಲದ ಔಷಧವನ್ನು. ಇದು ನನಗೆ ಗೊತ್ತಾದುದು ಬಹಳ ತಡವಾಗಿ, ಅದೂ ಬೇರೊಂದು ಕೆಲಸಕ್ಕಾಗಿ ಬಳ್ಳಾರಿ ಜಿಲ್ಲೆಯ ಹಳೆಯ ವರದಿಯೊಂದನ್ನು ಓದುತ್ತಿದ್ದಾಗ.

೧೮೨೨ರ ಜೂನ್ ತಿಂಗಳಿನಲ್ಲಿ ಮದರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ ತನ್ನ ಆಳ್ವಿಕೆಗೆ ಸೇರಿದ ಜಿಲ್ಲೆಗಳಲ್ಲಿ ದೇಶೀಯ ಶಾಲೆಗಳ ಸ್ಥಿತಿ ಹೇಗಿದೆಯೆಂಬುದನ್ನು ತಿಳಿಯುವುದಕ್ಕಾಗಿ ವಿಚಾರಣೆಯನ್ನು ಆರಂಭಿಸಿದನು. ಬಳ್ಳಾರಿಯು ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ಅಲ್ಲಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ೧೮೨೩ರ ಆಗಸ್ಟ್ ೧೭ರಂದು ಕಳುಹಿಸಿದ ಉತ್ತರವು ಈ ವಿಚಾರಣೆಯಿಂದ ಬಂದ ವರದಿಗಳಲ್ಲೆಲ್ಲ ಪ್ರಸಿದ್ಧವಾದದ್ದು. ಕ್ಯಾಂಪ್‌ಬೆಲ್ ದೇಶಭಾಷೆಗಳ ಪರಿಚಯವಿದ್ದವನು. ತೆಲುಗಿಗೆ ಒಂದು ವ್ಯಾಕರಣವನ್ನು ಬರೆದವನು. ಆದುದರಿಂದಲೇ ಅವನು ಬರಿಯ ಅಂಕಿಗಳನ್ನು ಕೊಟ್ಟು ಕೈತೊಳೆದುಕೊಳ್ಳದೆ, ಶಾಲೆಯೊಳಗೆ ಬೆಳಗಿನಿಂದ ಸಂಜೆಯವರೆಗೆ ಏನು ನಡೆಯುತ್ತದೆಂಬುದನ್ನು ಬರೆದನು. ಅವನ ಲೆಕ್ಕದಂತೆ ಜಿಲ್ಲೆಯಲ್ಲಿದ್ದ ವಿದ್ಯಾಸ್ಥಾನಗಳು ೫೩೩. ಇವುಗಳಲ್ಲಿ ಕನ್ನಡದವು ೨೩೫, ತೆಲುಗಿನವು ೨೨೬. ಉಳಿದವು ಮರಾಠಿ, ಪಾರಸಿ, ತಮಿಳು, ಒಂದೇ ಒಂದು ಇಂಗ್ಲಿಷು, ಜತೆಗೆ ಬ್ರಾಹ್ಮಣರು ಮಾತ್ರ ಓದುತ್ತಿದ್ದ ೨೩ ಸ್ಥಾನಗಳು. ಕಲಿಯುತ್ತಿದ್ದವರು ೬,೬೪೧ ಮಂದಿ. ಹತ್ತು ಲಕ್ಷಕ್ಕೆ ಹತ್ತಿರ ಹತ್ತಿರವಿದ್ದ ಜನಸಂಖ್ಯೆಯಲ್ಲಿ ಇದು ಅತ್ಯಲ್ಪವೆಂದೂ, ಜನರ ಬಡತನವೇ ಇದಕ್ಕೆ ಮುಖ್ಯ ಕಾರಣವೆಂದೂ, ತಂದೆತಾಯಿಗಳು ಮಕ್ಕಳನ್ನು ಎಳೆಯ ವಯಸ್ಸಿನಲ್ಲಿಯೇ ದುಡಿಮೆಗೆ ಹಚ್ಚುತ್ತಿರುವರೆಂದೂ ಅವನು ಮುಚ್ಚುಮರೆಯಿಲ್ಲದೆ ತಿಳಿಸಿರುವನು.

ಶಾಲೆಯ ದಿನಚರಿಯನ್ನು ನೋಡೋಣ. ಮಗುವಿಗೆ ಐದು ವರ್ಷ ತುಂಬಿದಾಗ ಗಣಪತಿಯ ಪೂಜೆ ಮಾಡಿ, ಅಕ್ಕಿಯ ಮೇಲೆ ಅದರ ಬೆರಳನ್ನು ಹಿಡಿದು ಬರೆಯಿಸುತ್ತಾರೆ. ಅನಂತರ ಪ್ರತಿದಿನವೂ ಬೆಳಗಿನ ಆರು ಗಂಟೆಗೆ ಶಾಲೆ. ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು. ಎರಡನೆಯವನ ಅಂಗೈಯಲ್ಲಿ ಒಂದು ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆಯೇ ಮುಂದೆ. ಮಕ್ಕಳನ್ನು ನಾಲ್ಕು ತರಗತಿಗಳಾಗಿ ವಿಂಗಡಿಸಿರುತ್ತದೆ. ಕೆಳಗಿನ ತರಗತಿಗಳಿಗೆ ಮೇಲಿನವರು ಪಾಠ ಹೇಳುತ್ತಾರೆ, ಮೇಲಿನವರಿಗೆ ಉಪಾಧ್ಯಾಯನು. ಅಕ್ಷರವನ್ನು ಬಾಯಲ್ಲಿ ಹೇಳುತ್ತ ಮರಳಿನ ಮೇಲೆ ಬೆರಳಿನಿಂದ ಬರೆಯುವುದು ಮೊದಲನೆಯ ಹಂತ. ಅನಂತರ ಹಲಗೆ ಮತ್ತು ಕಡತ. ಹಲಗೆಯೆಂದರೆ ನಯವಾಗಿ ತೋಪಡ ಹೊಡೆದು ಇದ್ದಿಲು ಬಳಿದ ಮರದ ತುಂಡು. ಕಡತವೆಂದರೆ ಗಂಜಿಯಲ್ಲಿ ಗಡುಸುಮಾಡಿ, ಇದ್ದಿಲು ಮತ್ತು ಅಂಟು ಸವರಿ, ಪುಸ್ತಕದಂತೆ ಮಡಿಸಿದ ಬಟ್ಟೆ. ಎರಡರ ಮೇಲೂ ಬಳಪದಿಂದ ಬರೆದು ಒದ್ದೆಬಟ್ಟೆಯಿಂದ ಒರಸಬಹುದು. (ಒರಸಬಹುದಾಗಿದ್ದ ಈ ವಸ್ತುವಿನ ಹೆಸರನ್ನೇ ಇಂದು ನಾವು ಯಾರೂ ಒರಸಲಾಗದ ಸರಕಾರಿ ಫೈಲಿಗೆ ಇಟ್ಟಿರುವುದು ಭಾಷೆಯ ಒಂದು ವಿನೋದ.) ಮಗ್ಗಿಯನ್ನೂ ಪದ್ಯಗಳನ್ನೂ ಎಲ್ಲರೂ ಗಟ್ಟಿಯಾಗಿ ಹೇಳಿ ಒಪ್ಪಿಸುತ್ತಾರೆ.

ಈ ವರ್ಣನೆಯನ್ನು ಕೊಟ್ಟ ಮೇಲೆ ಕ್ಯಾಂಪ್‌ಬೆಲ್ ಎರಡು ತೀರ್ಪುಗಳನ್ನು ಕೊಡುತ್ತಾನೆ. ಮೊದಲನೆಯದು ಪ್ರಶಂಸೆ: ಮುಂದುವರಿದ ವಿದ್ಯಾರ್ಥಿಯು ಹಿಂದುಳಿದವನಿಗೆ ಹೇಳಿಕೊಡುವುದರಿಂದ ಹೇಳಿಕೊಡುವವನ ತಿಳಿವಳಿಕೆಯೂ ಗಟ್ಟಿಯಾಗುತ್ತದೆ, ಇಂಗ್ಲೆಂಡು ಈ ಪದ್ಧತಿಯನ್ನು ಅನುಕರಿಸಿದುದು ಯುಕ್ತವಾಗಿದೆ. ಇಲ್ಲಿ ಅವನು ಸೂಚಿಸುತ್ತಿರುವುದು 'ಮದರಾಸು ಪದ್ಧತಿ' ಎಂದು ಹೆಸರಾದ ಕ್ರಮವನ್ನು. ಮದರಾಸಿನ ಎಗ್ಮೋರಿನಲ್ಲಿದ್ದ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಕನಾಗಿದ್ದ ಪಾದ್ರಿ ಆಂಡ್ರ್ಯೂ ಬೆಲ್ ದೇಶೀಯ ಶಾಲೆಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ತನ್ನ ಶಾಲೆಯಲ್ಲಿಯೂ ಅದನ್ನು ಬಳಕೆಗೆ ತಂದು, ಮಕ್ಕಳಿಂದಲೇ ಮಕ್ಕಳಿಗೆ ಪಾಠ ಹೇಳಿಸಿ, ೧೭೯೭ರಲ್ಲಿ ಲಂಡನಿನಲ್ಲಿ ಅದನ್ನು ಕುರಿತು ಪುಸ್ತಕವನ್ನು ಪ್ರಕಟಿಸಿದನು. ಕ್ಯಾಂಪ್‌ಬೆಲ್‌ನ ಎರಡನೆಯ ತೀರ್ಪು ಕಠಿಣವಾದದ್ದು. ಮಕ್ಕಳು ಬಾಯಿಪಾಠ ಮಾಡುವ ಪದ್ಯಗಳ ಭಾಷೆ ಆಡುಮಾತಿಗೆ ಬಹಳ ದೂರವಾದದ್ದು. ಅದರ ಅರ್ಥ ಶಿಷ್ಯನಿಗೆ ತಿಳಿಯದು, ಅನೇಕ ವೇಳೆ ಗುರುವಿಗೂ ತಿಳಿಯದು. ಇದು ಗಿಳಿಯ ಮಾತಿಗಿಂತ ಮೇಲಲ್ಲ ಎಂಬುದು ಅವನ ಅಭಿಪ್ರಾಯ.

ನಮ್ಮವರಲ್ಲಿ ಕೆಲವರು ಮೊದಲನೆಯ ತೀರ್ಪನ್ನು ಮಾತ್ರ ಎತ್ತಿಹಿಡಿದು ಪ್ರಾಚೀನ ವಿದ್ಯಾಪದ್ಧತಿಯನ್ನು ಕೊಂಡಾಡುತ್ತಾರೆ; ಮತ್ತೆ ಕೆಲವರು ಎರಡನೆಯದನ್ನು ಮಾತ್ರ ಹಿಡಿದು ಅದನ್ನು ಹಳಿಯುತ್ತಾರೆ. ಎರಡು ತೀರ್ಪುಗಳೂ ಒಂದೇ ಶಾಲೆಯನ್ನು ಕುರಿತವೆಂಬುದು, ಎರಡೂ ಸರಿಯಾಗಿರಬಹುದೆಂಬುದು ಯಾರ ಲಕ್ಷ್ಯಕ್ಕೂ ಬಂದಂತಿಲ್ಲ. ಕೂಲಿಮಠದಲ್ಲಿ ಕಲಿತ ವಿಷಯದ ಗುಣವನ್ನು ಒಂದು ಕಡೆಗಿಟ್ಟು, ಕಲಿಯುವ ಕ್ರಿಯೆಯನ್ನಷ್ಟೇ ನೋಡಿದರೆ ಗಮನಾರ್ಹವಾದ ಅಂಶವೊಂದು ಕಾಣುತ್ತದೆ. ಮರಳಿನಲ್ಲಿ ಬರೆದುದು ಉಳಿಯುವುದಿಲ್ಲ. ಕಡತದಲ್ಲಿ ಬರೆದುದನ್ನು ನಾಳೆಯ ಪಾಠಕ್ಕಾಗಿ ಒರಸಬೇಕು. ನಿನ್ನೆಯ ಪಾಠವು ಹುಡುಗನ ಬಳಿ ಇರುವುದಾದರೆ ಅದು ಅವನ ತಲೆಯಲ್ಲಿಯೇ ಇರಬೇಕು. ಇದೆಯೇ ಇಲ್ಲವೇ ಎಂಬುದು ಪ್ರತಿದಿನವೂ ಒಪ್ಪಿಸುವಾಗ, ಅಥವಾ ಕಿರಿಯವನಿಗೆ ಹೇಳಿಕೊಡುವಾಗ, ಹೊರಬೀಳುತ್ತಿತ್ತು. 'ಒಪ್ಪಿಸು' ಎಂಬ ಶಬ್ದವನ್ನು ಸ್ವಲ್ಪ ಗಮನಿಸಬೇಕು. ಪಡೆದುಕೊಂಡ ವಸ್ತುವನ್ನು ಮತ್ತೆ ಅವರ ಕೈಗೆ ಕೊಡುವುದು ಒಪ್ಪಿಸುವುದು. ಪುಸ್ತಕವನ್ನು ಮುಂದಿಟ್ಟುಕೊಂಡು ಅದೇ ಸಾಲನ್ನು ಹತ್ತು ಸಲ ಓದುವುದಕ್ಕೆ ಕನ್ನಡದಲ್ಲಿ ಬೇರೆ ಮಾತಿದೆ: ಉರು ಹೊಡೆಯುವುದು. ನಮ್ಮ ಕಾಲೇಜುಗಳು ಒಪ್ಪಿಸುವುದನ್ನು ಬಿಡಿಸಿ ಉರು ಹೊಡೆಯುವುದನ್ನು ಉಳಿಸಿಕೊಂಡವು. ಗಿಳಿಪಾಠವೆಂದು ನಾವು ಬಯ್ಯುತ್ತ ಬಂದುದೇನನ್ನೋ, ಬಿಟ್ಟುಬಿಟ್ಟುದೇನನ್ನೋ.

ಇನ್ನು ವೇದಪಾಠದ ವಿಚಾರ. ಪದ, ಕ್ರಮ, ಜಟಾ, ಘನ ಎಂಬ ಪಾಠಭೇದಗಳಲ್ಲಿ ಒಂದೇ ಮಂತ್ರದ ಪದಗಳನ್ನು ಮುಂದಕ್ಕೂ ಹಿಂದಕ್ಕೂ ಹೆಣೆದು ಹೇಳುತ್ತಾರೆ. ಒಂದಕ್ಷರ ಜಾರಿದರೂ ಹೆಣಿಗೆಯಲ್ಲಿ ಅದು ಗೊತ್ತಾಗುತ್ತದೆ. ಪಾಡ್ಯ, ಅಷ್ಟಮಿ, ಚತುರ್ದಶಿ, ಪೌರ್ಣಮಿ, ಅಮಾವಾಸ್ಯೆಗಳು ಅನಧ್ಯಯನದ ದಿನಗಳು. ಅಂದು ಹೊಸ ಪಾಠವಿಲ್ಲ. ಇವನ್ನು ಕಂಡು, ಆಧುನಿಕ ಮನಶ್ಶಾಸ್ತ್ರದ ತತ್ತ್ವಗಳೆಲ್ಲ ನಮ್ಮ ಪೂರ್ವಿಕರಿಗೆ ತಿಳಿದಿದ್ದವೆಂದು ಹೇಳುವ ಉತ್ಸಾಹವನ್ನು ನಾನು ಒಪ್ಪಲಾರೆ. ಪಾಠಭೇದಗಳ ಉದ್ದೇಶ ಗ್ರಂಥರಕ್ಷಣೆ. ಅನಧ್ಯಯನದ ಉದ್ದೇಶ ಧಾರ್ಮಿಕ. ಒಂದು ಆಚಾರದಿಂದ ಪ್ರಯೋಜನ ದೊರೆತಿತೆಂದ ಮಾತ್ರಕ್ಕೆ ಆ ಪ್ರಯೋಜನಕ್ಕಾಗಿಯೇ ಅದನ್ನು ಏರ್ಪಡಿಸಿದರೆಂದು ಊಹಿಸುವುದು ಇತಿಹಾಸದಲ್ಲಿ ದೊಡ್ಡ ತಪ್ಪು.

ಈಗ ಪ್ರಯೋಗಶಾಲೆಯ ಕಡೆಗೆ ತಿರುಗೋಣ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬಾತನು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ತಾನೇ ಮರೆತು, ಮತ್ತೆ ಕಲಿಯಲು ಎಷ್ಟು ಶ್ರಮ ಉಳಿತಾಯವಾಯಿತೆಂಬುದನ್ನು ಅಳೆದು, ೧೮೮೫ರಲ್ಲಿ ಪುಸ್ತಕವನ್ನು ಪ್ರಕಟಿಸಿದನು. ಕಲಿತ ಇಪ್ಪತ್ತು ನಿಮಿಷಗಳಲ್ಲಿಯೇ ಉಳಿತಾಯವು ಶೇಕಡ ೫೮ಕ್ಕೆ ಇಳಿಯಿತು. ಒಂದು ದಿನಕ್ಕೆ ಶೇಕಡ ೩೪. ಒಂದು ತಿಂಗಳಿಗೆ ಶೇಕಡ ೨೧. ಮರೆವು ಮೊದಲು ಧುಮುಕುತ್ತದೆ, ಅನಂತರ ನಿಧಾನವಾಗಿ ಹರಿಯುತ್ತದೆ. ಇನ್ನೊಂದು ಸಂಗತಿಯನ್ನೂ ಅವನು ಕಂಡನು. ಒಂದೇ ದಿನ ೬೮ ಸಲ ಹೇಳಿದುದರಿಂದ ದೊರೆತ ಫಲವು, ಮೂರು ದಿನಗಳಿಗೆ ಹಂಚಿ ಒಟ್ಟು ೩೮ ಸಲ ಹೇಳಿದುದರಿಂದಲೂ ದೊರೆಯಿತು. ಪರೀಕ್ಷೆಯ ಹಿಂದಿನ ರಾತ್ರಿಯ ಜಾಗರಣೆಯ ಬೆಲೆ ಎಷ್ಟೆಂಬುದನ್ನು ಈ ಎರಡು ಅಂಕಿಗಳು ತಿಳಿಸುತ್ತವೆ. ಅವನ ಪ್ರಯೋಗಕ್ಕೆ ಒಳಗಾದವನು ಅವನೊಬ್ಬನೇ ಎಂಬುದು ನಿಜ. ಆದರೆ ಹಂಚಿ ಓದುವುದರಿಂದ ಆಗುವ ಲಾಭವನ್ನು ಅನಂತರ ಬಂದವರು ನೂರಾರು ಸಲ ಬೇರೆಬೇರೆ ರೀತಿಯಲ್ಲಿ ಪರೀಕ್ಷಿಸಿ ದೃಢಪಡಿಸಿರುವರು.

ಒಪ್ಪಿಸುವುದನ್ನು ಕುರಿತ ಪ್ರಯೋಗಗಳು ಇದಕ್ಕಿಂತಲೂ ನಮಗೆ ಹತ್ತಿರದವು. ೨೦೦೬ರಲ್ಲಿ ಅಮೆರಿಕೆಯ ಸೇಂಟ್ ಲೂಯಿಯಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ವಿದ್ವಾಂಸರು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗವನ್ನು ಕೊಟ್ಟರು. ಒಂದು ಗುಂಪಿನವರು ಅದನ್ನು ನಾಲ್ಕು ಅವಧಿಗಳಲ್ಲಿ ಓದಿದರು. ಹೀಗೆ ಸರಾಸರಿ ಹದಿನಾಲ್ಕು ಸಲ ಅದನ್ನು ಓದಿದಂತಾಯಿತು. ಇನ್ನೊಂದು ಗುಂಪಿನವರು ಒಂದೇ ಅವಧಿಯಲ್ಲಿ ಓದಿ, ಉಳಿದ ಮೂರು ಅವಧಿಗಳಲ್ಲಿ ಮೂಲವನ್ನು ನೋಡದೆ ನೆನಪಿನಿಂದ ಬರೆದರು. ಇವರು ಓದಿದುದು ಸರಾಸರಿ ಮೂರು ನಾಲ್ಕು ಸಲ. ಐದು ನಿಮಿಷಗಳ ಅನಂತರ ಪರೀಕ್ಷಿಸಿದಾಗ ಮೊದಲನೆಯ ಗುಂಪು ಮುಂದಿತ್ತು. ಒಂದು ವಾರದ ಅನಂತರ ಪರೀಕ್ಷಿಸಿದಾಗ ಮೊದಲನೆಯ ಗುಂಪಿನವರ ನೆನಪಿನಲ್ಲಿ ಶೇಕಡ ೪೦ ಭಾಗವೂ ಎರಡನೆಯವರ ನೆನಪಿನಲ್ಲಿ ಶೇಕಡ ೬೧ ಭಾಗವೂ ಉಳಿದಿತ್ತು. ಇದಕ್ಕಿಂತ ವಿಚಾರಾರ್ಹವಾದುದು ಬೇರೊಂದಿದೆ. ವಾರದ ಮೇಲೆ ತಮಗೆ ಎಷ್ಟು ನೆನಪಿರಬಹುದೆಂದು ಮೊದಲೇ ಕೇಳಿದಾಗ, ಹೆಚ್ಚಿನ ಭರವಸೆಯಿಂದ ಉತ್ತರಕೊಟ್ಟವರು ಬರಿಯ ಓದಿನ ಗುಂಪಿನವರೇ.

ನನ್ನ ಹುಡುಗನ ಮಾತು ಇದೇ. ಓದುವಾಗ ಎಲ್ಲವೂ ಗೊತ್ತಿತ್ತು. ಆರನೆಯ ಸಲ ಓದುವಾಗ ವಾಕ್ಯವು ಕಣ್ಣಿಗೆ ಪರಿಚಿತವಾಗಿ ಸರಾಗವಾಗಿ ಸಾಗುತ್ತದೆ. ಆ ಸರಾಗವನ್ನೇ ಅವನು ಜ್ಞಾನವೆಂದು ತಿಳಿದನು. ಬೀದಿಯಲ್ಲಿ ದಿನವೂ ಕಾಣುವ ಮುಖವನ್ನು ಕಂಡೊಡನೆ ಗುರುತಿಸುವೆವು. ಅದೇ ಮುಖವನ್ನು ಮನೆಯಲ್ಲಿ ಕುಳಿತು ವರ್ಣಿಸಿರೆಂದರೆ ತಡವರಿಸುವೆವು. ಪರೀಕ್ಷೆಯ ಸಭಾಂಗಣದಲ್ಲಿ ಬೇಕಾದುದು ಎರಡನೆಯ ಶಕ್ತಿ. ಅವನು ಬೆಳೆಸಿಕೊಂಡಿದ್ದುದು ಮೊದಲನೆಯದನ್ನು. ಮೂರು ಬಣ್ಣದ ಗೆರೆಗಳಿಂದ ಅದು ಇನ್ನಷ್ಟು ಬೆಳೆಯಿತೇ ಹೊರತು ಬೇರೆಯಾಗಲಿಲ್ಲ. ೨೦೧೩ರಲ್ಲಿ ಡನ್‌ಲಾಸ್ಕಿ ಮತ್ತು ಅವರ ಸಂಗಡಿಗರು ವಿದ್ಯಾರ್ಥಿಗಳಲ್ಲಿ ರೂಢಿಯಲ್ಲಿರುವ ಹತ್ತು ಅಧ್ಯಯನಕ್ರಮಗಳನ್ನು ಅದುವರೆಗಿನ ಪ್ರಯೋಗಗಳ ಆಧಾರದಿಂದ ತೂಗಿ ನೋಡಿದಾಗ, ಗೆರೆ ಎಳೆಯುವುದು ಮತ್ತು ಮತ್ತೆ ಓದುವುದು ಕಡಿಮೆ ಪ್ರಯೋಜನದವುಗಳ ಸಾಲಿನಲ್ಲಿಯೂ, ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಮತ್ತು ಓದನ್ನು ದಿನಗಳಿಗೆ ಹಂಚುವುದು ಅತ್ಯಂತ ಪ್ರಯೋಜನದವುಗಳ ಸಾಲಿನಲ್ಲಿಯೂ ನಿಂತವು. ಅವನು ಸೋಮಾರಿಯಾಗಿರಲಿಲ್ಲ. ಆರು ಸಲ ಓದುವುದಕ್ಕೆ ಅವನು ತನ್ನ ನಿದ್ರೆಯನ್ನು ತೆತ್ತಿದ್ದನು.

ಹಾಗಾದರೆ ಇತಿಹಾಸದ ವಿದ್ಯಾರ್ಥಿಯು ಏನು ಮಾಡಬೇಕು? ಅಮೆರಿಕೆಯ ಫ್ರಾನ್ಸಿಸ್ ರಾಬಿನ್‌ಸನ್ ೧೯೪೬ರಲ್ಲಿ ಸೂಚಿಸಿದ ಸೂತ್ರವೊಂದು ಹೆಸರಾಗಿದೆ: ಮೊದಲು ಮೇಲುನೋಟ, ಆಮೇಲೆ ಪ್ರಶ್ನೆ, ಪಠನ, ಕಥನ, ಪುನರಾವರ್ತನ. ಸೂತ್ರವೇನೋ ಸರಿಯೇ, ಆದರೆ ಸೂತ್ರವನ್ನು ಬಾಯಿಪಾಠ ಮಾಡಿ ಅಷ್ಟಕ್ಕೇ ನಿಲ್ಲಿಸಿದವರನ್ನು ನಾನು ಕಂಡಿರುವೆನು. ಒಂದು ಉದಾಹರಣೆಯಿಂದ ವಿಷಯ ಸ್ಪಷ್ಟವಾಗಬಹುದು.

ಮೈಸೂರಿನ ಇತಿಹಾಸದಲ್ಲಿ ೧೮೩೧ರಿಂದ ೧೮೮೧ರವರೆಗಿನ ಕಮಿಷನರುಗಳ ಆಳ್ವಿಕೆಯ ಪ್ರಕರಣವನ್ನು ತೆಗೆದುಕೊಳ್ಳೋಣ. ಸಾಮಾನ್ಯ ವಿದ್ಯಾರ್ಥಿಯು ಇದನ್ನು ಹೆಸರು ಮತ್ತು ವರ್ಷಗಳ ಪಟ್ಟಿಯಾಗಿ ಓದುತ್ತಾನೆ: ೧೮೩೧ರಲ್ಲಿ ಬೆಂಟಿಂಕನು ರಾಜ್ಯದ ಆಡಳಿತವನ್ನು ವಶಪಡಿಸಿಕೊಂಡನು, ೧೮೩೪ರಿಂದ ೧೮೬೧ರವರೆಗೆ ಕಬ್ಬನ್, ೧೮೬೨ರಿಂದ ೧೮೭೦ರವರೆಗೆ ಬೌರಿಂಗ್, ೧೮೮೧ರ ಮಾರ್ಚ್ ೨೫ರಂದು ರಾಜ್ಯದ ಪುನಃಪ್ರದಾನ. ಈ ಪಟ್ಟಿಯನ್ನು ನೋಡಿ ಪುಸ್ತಕವನ್ನು ಮುಚ್ಚಿ, ಒಂದು ಖಾಲಿ ಹಾಳೆಯ ಮೇಲೆ ಈ ಪ್ರಶ್ನೆಯನ್ನು ಬರೆಯಲಿ: ಮುಮ್ಮಡಿ ಕೃಷ್ಣರಾಜ ಒಡೆಯರ ರಾಜ್ಯವನ್ನು ಕಂಪನಿಯು ಯಾವ ಅಧಿಕಾರದಿಂದ ತೆಗೆದುಕೊಂಡಿತು? ಉತ್ತರ ಬಾರದಿದ್ದರೆ ಪುಸ್ತಕವನ್ನು ತೆರೆಯಲಿ. ಆಗ ೧೭೯೯ರ ಸಹಾಯಕ ಸೈನ್ಯದ ಒಪ್ಪಂದದಲ್ಲಿ, ಕಪ್ಪವು ನಿಂತುಹೋಗುವ ಭಯವಿದ್ದರೆ ಆಡಳಿತದಲ್ಲಿ ಕೈಹಾಕುವ ಹಕ್ಕನ್ನು ಕಂಪನಿಯು ಮೊದಲೇ ಉಳಿಸಿಕೊಂಡಿದ್ದುದು ಅವನ ಕಣ್ಣಿಗೆ ಬೀಳುತ್ತದೆ. ಹಾಗಾದರೆ ೧೮೩೧ರಲ್ಲಿಯೇ ಏಕೆ? ನಗರದ ದಂಗೆ, ಆ ದಂಗೆಗೆ ಅಮಲ್ದಾರರ 'ಶರತ್ತು' ಕಂದಾಯದ ಹಿನ್ನೆಲೆ. ತೆಗೆದುಕೊಂಡುದನ್ನು ಹಿಂದಕ್ಕೆ ಏಕೆ ಕೊಟ್ಟರು? ಈ ಪ್ರಶ್ನೆಗೆ ಉತ್ತರಿಸಬೇಕಾದರೆ ಡಾಲ್‌ಹೌಸಿಯ ನೀತಿಯಿಂದ ೧೮೫೭ರ ಅನಂತರದ ನೀತಿಗೆ ಆದ ಮಾರ್ಪಾಟನ್ನೂ, ೧೮೬೭ರಲ್ಲಿ ದತ್ತಕಪುತ್ರನಿಗೆ ರಾಜ್ಯವನ್ನು ಕೊಡಲು ಆದ ನಿರ್ಧಾರವನ್ನೂ ಹುಡುಕಿಕೊಂಡು ಹೋಗಬೇಕು. ಈಗ ಆ ವರ್ಷಗಳು ಬರಿಯ ವರ್ಷಗಳಲ್ಲ. ಒಂದನ್ನು ಹಿಡಿದೆಳೆದರೆ ಇನ್ನೊಂದು ಬರುತ್ತದೆ. ಗೊತ್ತಿಲ್ಲವೆಂದು ಮೊದಲು ತಡವರಿಸಿದ ಆ ಎರಡು ನಿಮಿಷಗಳು ವ್ಯರ್ಥವಲ್ಲ. ಉತ್ತರವನ್ನು ಹುಡುಕಿ ಸೋತ ಮನಸ್ಸು ದೊರೆತ ಉತ್ತರವನ್ನು ಬಿಗಿಯಾಗಿ ಹಿಡಿಯುತ್ತದೆ.

ಇದೇ ಹಾಳೆಯನ್ನು ಮೂರು ದಿನಗಳ ಮೇಲೆ, ಹಳೆಯದನ್ನು ನೋಡದೆ, ಮತ್ತೆ ಬರೆಯಬೇಕು. ಒಂದು ವಾರದ ಮೇಲೆ ಮತ್ತೊಮ್ಮೆ. ಒಂದು ತಿಂಗಳ ಮೇಲೆ ಇನ್ನೊಮ್ಮೆ. ಈ ಅಂತರಗಳು ಶಾಸ್ತ್ರವಚನಗಳಲ್ಲ. ಪರೀಕ್ಷೆಯು ದೂರವಿದ್ದಷ್ಟೂ ಅಂತರಗಳನ್ನು ಹಿಗ್ಗಿಸಬಹುದು. ಸ್ವಲ್ಪ ಮರೆತಿರುವಾಗ ನೆನಸಿಕೊಳ್ಳುವುದೇ ಲಾಭಕರ. ಬರೆಯಲು ಬೇಸರವಾದವನು ಗೆಳೆಯನಿಗೆ ಹೇಳಲಿ, ತಮ್ಮನಿಗೆ ಹೇಳಲಿ. ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಮನೆಪಾಠ ಹೇಳಿ ಖರ್ಚು ತೂಗಿಸಿಕೊಂಡು ೧೮೮೧ರಲ್ಲಿ ಬಿ.ಎ. ಪದವಿಯನ್ನು ಪಡೆದರೆಂಬುದು ಸರ್ವವಿದಿತ. ಅವರನ್ನು ಕುರಿತ ಬೀದಿದೀಪದ ಕಥೆಯನ್ನು ನಮ್ಮ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಅದು ಲೋಕದಲ್ಲಿ ಅನೇಕ ಮಹಾಪುರುಷರ ವಿಷಯದಲ್ಲಿ ಹೇಳುವ ಕಥೆ. ಮನೆಪಾಠದ ಸಂಗತಿಯನ್ನು ಮಾತ್ರ ಯಾರೂ ಆದರ್ಶವೆಂದು ಎತ್ತಿ ಹೇಳುವುದಿಲ್ಲ. ಬಳ್ಳಾರಿಯ ಕಲೆಕ್ಟರನು ಕಂಡಿದ್ದ ತತ್ತ್ವವು ಇದರಲ್ಲಿಯೂ ಇದ್ದಿತೆಂದು ನನ್ನ ಊಹೆ. ಊಹೆಯೆಂದೇ ವಾಚಕರು ಇದನ್ನು ಸ್ವೀಕರಿಸಬೇಕು.

ಭಾಷೆಯ ತೊಡಕಿನ ವಿಚಾರವನ್ನು ಹೇಳದೆ ಈ ವಿಷಯವನ್ನು ಬಿಡುವಂತಿಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಬಂದವನು ಪದವಿ ತರಗತಿಯಲ್ಲಿ ಇಂಗ್ಲಿಷು ಪುಸ್ತಕದ ಮುಂದೆ ಕುಳಿತಾಗ, ಅರ್ಥವಾಗದ ವಾಕ್ಯಗಳನ್ನು ಇಡಿಯಾಗಿ ಉರು ಹೊಡೆಯುವುದರ ಹೊರತು ಬೇರೆ ದಾರಿಯೇ ಇಲ್ಲವೆಂದು ತಿಳಿಯುತ್ತಾನೆ. ೧೮೨೩ರ ಹುಡುಗನು ಆಡುಮಾತಿಗೆ ದೂರವಾದ ಪದ್ಯವನ್ನು ಹೇಳುತ್ತಿದ್ದಂತೆ ಇವನು ಗೈಡಿನ ಇಂಗ್ಲಿಷನ್ನು ಹೇಳುತ್ತಾನೆ. ಆ ಹುಡುಗನಿಗೆ ಇದ್ದ ಒಪ್ಪಿಸುವ ಅಭ್ಯಾಸವೂ ಇವನಿಗಿಲ್ಲ. ಕ್ಯಾಂಪ್‌ಬೆಲ್‌ನ ಎರಡನೆಯ ತೀರ್ಪು ಇಂದಿಗೂ ಸಲ್ಲುವುದು ಇಲ್ಲಿ. ಆದರೆ ಇದೇ ತೊಡಕನ್ನು ಉಪಾಯವಾಗಿ ತಿರುಗಿಸಿಕೊಳ್ಳಬಹುದು. ಇಂಗ್ಲಿಷಿನಲ್ಲಿ ಒಂದು ಪುಟವನ್ನು ನಿಘಂಟಿನ ಸಹಾಯದಿಂದ ಓದಿ, ಪುಸ್ತಕವನ್ನು ಮುಚ್ಚಿ, ಅದರ ತಾತ್ಪರ್ಯವನ್ನು ಮನೆಯ ಕನ್ನಡದಲ್ಲಿ ಹತ್ತು ಸಾಲು ಬರೆಯಲಿ. ಪುಸ್ತಕದ ವಾಕ್ಯವು ಈ ದಾರಿಯಲ್ಲಿ ಹಾಗೆಯೇ ದಾಟಿ ಬರಲಾರದು. ಅರ್ಥ ಮಾತ್ರ ದಾಟುತ್ತದೆ, ಅರ್ಥವಿಲ್ಲದ ಕಡೆ ಲೇಖನಿ ನಿಲ್ಲುತ್ತದೆ. ನಿಂತ ಸ್ಥಳವೇ ಮತ್ತೆ ಓದಬೇಕಾದ ಸ್ಥಳ. ಇಂಗ್ಲಿಷು ಮಾಧ್ಯಮದಲ್ಲಿಯೇ ಬೆಳೆದು ಪುಸ್ತಕದ ವಾಕ್ಯವನ್ನು ಸುಲಭವಾಗಿ ನಕಲು ಮಾಡಬಲ್ಲವನಿಗೆ ಈ ತಡೆಯ ಉಪಕಾರವಿಲ್ಲ.

ಇಷ್ಟೆಲ್ಲವನ್ನೂ ವಿದ್ಯಾರ್ಥಿಯ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಒಪ್ಪಿಸುವುದಕ್ಕೆ ಎದುರಿಗೆ ಕೇಳುವವರು ಬೇಕು. ಕುಳಿತು ಬರೆಯುವುದಕ್ಕೆ ಸ್ಥಳ ಬೇಕು. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲದ ಕಂಬದ ಶಾಸನವೊಂದಿದೆ. ಕಾಲ ಶಕವರ್ಷ ೮೬೭, ಎಂದರೆ ಕ್ರಿ.ಶ. ೯೪೫. ರಾಜನ ಮಂತ್ರಿ ನಾರಾಯಣನು ಅಲ್ಲಿ ಕಟ್ಟಿಸಿದ ಶಾಲೆಗೆ ನಾನಾ ದೇಶಗಳಿಂದ ವಿದ್ಯಾರ್ಥಿಗಳು ಬಂದು ನೆಲೆಸಿದ್ದರು. ಅವರ ವಾಸಕ್ಕೆ ೨೭ ನಿವೇಶನಗಳು, ಉಪಾಧ್ಯಾಯನಿಗೆ ೫೦ ನಿವರ್ತನ ಭೂಮಿ. ಅದಲ್ಲದೆ ದೀಪಕ್ಕೆಂದೇ ೧೨ ನಿವರ್ತನ ಭೂಮಿ. ಊರಿನಲ್ಲಿ ಮದುವೆಯಾದರೆ, ಉಪನಯನವಾದರೆ, ಚೌಲವಾದರೆ ಶಾಲೆಗೆ ಇಷ್ಟಿಷ್ಟು ಹಣವೆಂದು ನಿಗದಿಯಾಗಿತ್ತು. ಕಲಬುರಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನದಲ್ಲಿ, ಕ್ರಿ.ಶ. ೧೦೫೮ರ ಶಾಸನದಂತೆ, ಸುಮಾರು ೨೫೦ ಮಂದಿ ವಿದ್ಯಾರ್ಥಿಗಳಿಗೆ ಆರು ಮಂದಿ ಸರಸ್ವತೀ ಭಾಂಡಾರಿಗರು, ಎಂದರೆ ಪುಸ್ತಕ ಭಂಡಾರದ ಪಾಲಕರು, ಇದ್ದರು. ಆ ವಿದ್ಯೆಯು ಯಾರಿಗೆ ಮೀಸಲಾಗಿತ್ತೆಂಬುದನ್ನು ಮರೆಯಲಾಗದು, ಬಾಗಿಲು ಕಿರಿದಾಗಿತ್ತು. ಆದರೆ ಒಳಗೆ ಬಂದವನಿಗೆ ರಾತ್ರಿ ದೀಪ ಬೇಕಾಗುವುದೆಂಬುದನ್ನು ದಾನಿಗಳು ಲೆಕ್ಕಕ್ಕೆ ತಂದಿದ್ದರು. ನಾನು ಕಂಡ ಒಂದು ಕಾಲೇಜಿನ ವಾಚನಾಲಯವು ಸಂಜೆ ಐದಕ್ಕೆ ಮುಚ್ಚುತ್ತಿತ್ತು. ಆರು ಮಂದಿಯಿರುವ ಒಂದೇ ಕೋಣೆಯ ಮನೆಗೆ ಹಿಂದಿರುಗುವ ವಿದ್ಯಾರ್ಥಿನಿಯು ಆಮೇಲೆ ಎಲ್ಲಿ ಕುಳಿತು ಓದಬೇಕೆಂಬ ಪ್ರಶ್ನೆಯನ್ನು ಅಲ್ಲಿ ಯಾರೂ ಎತ್ತಿರಲಿಲ್ಲ.

ಅಧ್ಯ್ಯಾಪಕನು ತನ್ನ ಅಧೀನದಲ್ಲಿರುವ ಸಮಯದಲ್ಲಿಯಾದರೂ ಒಂದಿಷ್ಟನ್ನು ಮಾಡಬಹುದು. ಎರಡು ವರ್ಷಗಳಿಂದ ನಾನು ಪ್ರತಿ ತರಗತಿಯ ಮೊದಲ ಹತ್ತು ನಿಮಿಷಗಳನ್ನು ಹಿಂದಿನ ಪಾಠಕ್ಕೆ ಮೀಸಲಿಟ್ಟಿರುವೆನು. ಪುಸ್ತಕ ಮುಚ್ಚಿರಬೇಕು, ಮೊಬೈಲು ಚೀಲದಲ್ಲಿರಬೇಕು, ಕಳೆದ ವಾರದ ಎರಡು ಪ್ರಶ್ನೆಗಳು, ಕಳೆದ ತಿಂಗಳಿನ ಒಂದು ಪ್ರಶ್ನೆ. ಉತ್ತರಗಳಿಗೆ ಅಂಕಗಳಿಲ್ಲ, ಬರೆದವರು ಪಕ್ಕದವರೊಡನೆ ಹಾಳೆ ಬದಲಿಸಿಕೊಂಡು ತಿದ್ದುತ್ತಾರೆ. ಅಂಗೈಯ ಮೇಲೆ ಸರಸ್ವತಿಯ ಹೆಸರೂ ಇಲ್ಲ, ಏಟೂ ಇಲ್ಲ. ಮೊದಲ ತಿಂಗಳು ವಿದ್ಯಾರ್ಥಿಗಳು ಗೊಣಗಿದರು. ಪಾಠ ಮುಗಿಯುವುದಿಲ್ಲವೆಂದು ಹಿರಿಯ ಸಹೋದ್ಯೋಗಿಯೊಬ್ಬರು ಎಚ್ಚರಿಸಿದರು. ಅವರ ಮಾತು ನಿಜವಾಯಿತು: ಆ ವರ್ಷ ಪಠ್ಯಕ್ರಮದ ಕೊನೆಯ ಘಟಕವನ್ನು ನಾನು ಅವಸರದಿಂದ ಮುಗಿಸಬೇಕಾಯಿತು. ಆದರೆ ಎರಡನೆಯ ತಿಂಗಳಿನಿಂದ, ನಾನು ತರಗತಿಗೆ ಬರುವುದು ಐದು ನಿಮಿಷ ತಡವಾದ ದಿನಗಳಲ್ಲಿ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕರಿಹಲಗೆಯ ಮುಂದೆ ನಿಂತು ಉಳಿದವರಿಗೆ ಪ್ರಶ್ನೆ ಕೇಳುತ್ತಿದ್ದಳು.